ಕೋಣೆ ಖಾಲಿ ಇಲ್ಲ

ಒಡೀಲ್ ವೆರ್ಡಿನ್‌ಗೆ ಬಿರುಗಾಳಿಯ ಸುದ್ದಿ ಮೊದಲು ಬರುವುದು
ಆಕಾಶದಿಂದಲ್ಲ, ಫೋನಿನಿಂದ.
"ಆರು ಕೋಣೆ ಬೇಕು. ನೆಲಮಹಡಿ ಬೇಡ. ಜನರೇಟರ್ ಇದೆಯಾ?"
ಟಿ.ವಿ.ಯವರು ಹೀಗೆ ಕೇಳಿದರೆಂದರೆ
ಇನ್ನು ನಾಲ್ಕೇ ದಿನ.
ಲೆಕ್ಕ ತಪ್ಪಿದ್ದು ಇದುವರೆಗೆ ಎರಡು ಸಲ.

ಲೂಯಿಸಿಯಾನದ ತುದಿ. ನೆಲ ನೀರಿಗೆ ಸೋತು ಸೋತು
ಹಲ್ಲುದುರಿದ ಬಾಚಣಿಗೆಯಾದ ಕಡೆ
ಹದಿನಾಲ್ಕು ಕೋಣೆಯ ಮೋಟೆಲು.
ಗಂಡನ ಸೀಗಡಿ ದೋಣಿ ಯಾವುದೋ ಸೆಪ್ಟೆಂಬರಿನಲ್ಲಿ ಹೋಯಿತು,
ಅದರ ಹೆಸರು ಮಾತ್ರ ಬೋರ್ಡಿನ ಮೇಲೆ ಲಂಗರು ಹಾಕಿದೆ.

ಪರದೆಯಲ್ಲಿ, ಕೊಲ್ಲಿಯಿಂದ ಹೊರಟ ಬಿಳಿ ಲಾಳಿಕೆ
ಅಗಲವಾಗುತ್ತ, ಇನ್ನೂ ಅಗಲವಾಗುತ್ತ
ಮೂರು ರಾಜ್ಯಗಳನ್ನು ಬಾಯಿಗೆ ಹಾಕಿಕೊಳ್ಳುತ್ತದೆ.
ಒಳಗೆ ಬಣ್ಣಬಣ್ಣದ ಶಾವಿಗೆ ಎಳೆಗಳು:
ಇಪ್ಪತ್ತು ಕಂಪ್ಯೂಟರು ನುಡಿದ ಇಪ್ಪತ್ತು ಕಣಿ.
ನೇರಳೆ ಎಳೆ ಸರಿಯಾಗಿ ಅವಳ ಅಡುಗೆಮನೆಯ ಮೇಲೆ.

"ಪಡುವಣಕ್ಕೆ ಹೋಗು," ಅಂದಳು ಒಡೀಲ್,
ಹಾಸಿಗೆ ಮಡಚುವ ರೆನೆಲ್‌ಗೆ.
"ನಿನ್ನ ಅಕ್ಕನ ಮನೆಗೆ. ಅಲ್ಲಿ ಎಳೆ ಕಡಿಮೆ."
ರೆನೆಲ್ ಎರಡು ಮಕ್ಕಳನ್ನೂ ಒಂದು ಗಿಳಿಯನ್ನೂ
ಕೆಂಪು ಕಾರಿಗೆ ತುಂಬಿಕೊಂಡಳು.
ಕಿಟಕಿ ಇಳಿಸಿ ಕೇಳಿದಳು, ಟವೆಲು ಒಣಗಿವೆಯಾ ಅಂತ.

ಮುದುಕ ಅಲ್ಸೀದ್ ಮಾತ್ರ ಹೊರಡಲೊಲ್ಲ.
ಶೆರಿಫನ ಕಡೆಯ ಹುಡುಗ ಕಪ್ಪು ಮಾರ್ಕರು ಕೊಟ್ಟ:
"ಹಾಗಾದರೆ ತೋಳಿನ ಮೇಲೆ ಹೆಸರು ಬರೆದುಕೊಳ್ಳಿ,
ಆಮೇಲೆ ಗುರುತಿಗೆ ಬೇಕಾಗುತ್ತೆ."
ಅಲ್ಸೀದ್ ಬರೆದುಕೊಂಡ. ತನ್ನದಲ್ಲ,
ನಾಯಿಯದು.
ಹುಡುಗ ನಗಲಿಲ್ಲ.

ರಾತ್ರಿ ಹನ್ನೊಂದಕ್ಕೆ ಮೂರನೇ ನಂಬರಿನ ವರದಿಗಾರ
ಪಾರ್ಕಿಂಗಿನಲ್ಲಿ ಬಾಗಿ ನಿಂತ,
ಇನ್ನೂ ಬಾರದ ಗಾಳಿಗೆ ಮೈ ಒಗ್ಗಿಸುತ್ತ.
ಅಭ್ಯಾಸ, ಅಂದ. ಒಳ್ಳೆಯವನೇ ಪಾಪ.
ಕಾಫಿಗೆ ದುಡ್ಡು ಕೊಡುತ್ತಾನೆ, ಮಗಳ ಫೋಟೋ ತೋರಿಸುತ್ತಾನೆ.
ಗಾಳಿ ಬಂದಾಗ ತೂರಿಕೋ ಅಂತಾರಲ್ಲ,
ಅವನು ತೂರುತ್ತಾನೆ, ಇವಳೂ ತೂರುತ್ತಾಳೆ.
ಬಿರುಗಾಳಿಯ ವಾರ ಬಾಡಿಗೆ ದುಪ್ಪಟ್ಟು.
ಕಾಳು ಯಾವುದು, ಹೊಟ್ಟು ಯಾವುದು
ಇಬ್ಬರೂ ಕೇಳಿಕೊಳ್ಳುವುದಿಲ್ಲ.

ಅದಕ್ಕೂ ಒಂದು ಕಣ್ಣಿದೆಯಂತೆ, ನಡುಮಧ್ಯೆ,
ಎಲ್ಲವೂ ಸುತ್ತುವಾಗ ತಾನು ಮಾತ್ರ ರೆಪ್ಪೆ ಮಿಟುಕಿಸದ ಕಣ್ಣು.
ಯಾರ ಮೇಲೆ ಬೀಳುತ್ತದೋ.
ಒಡೀಲ್ ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಬಟ್ಟಲು ನೀರಿನ ಮೇಲೆ
ನಾಣ್ಯವೊಂದನ್ನು ಇಟ್ಟಳು. ಕರೆಂಟು ಹೋದರೆ ಮುಳುಗುತ್ತದೆ.
ಚರ್ಚಿನಲ್ಲಿ ಉಳಿದಿದ್ದ ಒಂಬತ್ತು ಜನ
ಮಂಡಿಯೂರಿ ಬೇಡಿದರು: ತಾಯೇ, ತಿರುಗಿಸು.
ಎತ್ತ ಅಂತ ಯಾರೂ ಹೇಳಲಿಲ್ಲ.

ತಿರುಗಿತು.

ಬೆಳಗಿನ ನಾಲ್ಕಕ್ಕೆ ಆರು ಕೋಣೆಯ ಬಾಗಿಲೂ ಒಟ್ಟಿಗೆ ತೆರೆದವು,
ವ್ಯಾನುಗಳು ಪಡುವಣಕ್ಕೆ ಓಡಿದವು,
ಮದುವೆಮನೆ ತಪ್ಪಿಸಿಕೊಂಡ ವಾದ್ಯದವರಂತೆ.
ಬಿಟ್ಟುಹೋದದ್ದು: ಒಂದು ಡಬ್ಬಿ ಬ್ಯಾಟರಿ,
ಒದ್ದೆ ಸಾಕ್ಸು, ಅರ್ಧ ತಿಂದ ಪೀಚು.

ಅಲ್ಸೀದ್ ಹೊರಗೆ ಬಂದು ಆಕಾಶಕ್ಕೆ ಬೈದ,
ಮೋಸ ಹೋದವನ ಹಾಗೆ.
ಅಂಗಡಿಯವನು ಪ್ಲೈವುಡ್ ವಾಪಸು ತಗೊಳ್ಳುವುದಿಲ್ಲ ಅಂದ.
ಯಾರೋ ಅಕಾರ್ಡಿಯನ್ ತೆಗೆದರು.
ನಾಣ್ಯ ಹಿಮದ ಮೇಲೆ ಹಾಗೇ ಇತ್ತು, ಹೊಳೆಯುತ್ತ,
ನಾಚಿಕೆಗೆಟ್ಟದ್ದು.

ರೆನೆಲ್‌ಳ ಫೋನು ರಿಂಗಾಗುವುದಿಲ್ಲ.

ಈಗ ಟಿ.ವಿ.ಯಲ್ಲಿ ಅವನೇ, ಮೂರನೇ ನಂಬರಿನವನು,
ಅವಳ ಮೋಟೆಲಿನ ಟವೆಲು ಕುತ್ತಿಗೆಗೆ ಸುತ್ತಿಕೊಂಡು
ತೊಡೆಮಟ್ಟದ ನೀರಿನಲ್ಲಿ, ಕಂಬ ತಬ್ಬಿ,
ಊರಿನ ಹೆಸರನ್ನು ತಪ್ಪಾಗಿ ಹೇಳುತ್ತಿದ್ದಾನೆ.
ಒಡೀಲ್ ಅವನನ್ನು ನೋಡುತ್ತಿಲ್ಲ.
ಅವನ ಭುಜದಾಚೆಯ ಬೀದಿ ನೋಡುತ್ತಿದ್ದಾಳೆ,
ತೇಲಿಬಂದ ಸೂರು, ಮೇಜು, ಏನೋ ಕೆಂಪಗೆ,
ಅರ್ಧ ಕಾಣುತ್ತದೆ, ಅರ್ಧಕ್ಕೆ ಇವನೇ ಅಡ್ಡ.

ಪರದೆಗೆ ಕೈಯಿಟ್ಟು, ಮೆಲ್ಲಗೆ,
ಪರಿಚಯದವನಿಗೆ ಹೇಳುವಂತೆಯೇ ಹೇಳುತ್ತಾಳೆ:
ಸ್ವಲ್ಪ ಪಕ್ಕಕ್ಕೆ ಸರಿಯೋ ಮಾರಾಯ.
ಒಂದೇ ಒಂದು ಹೆಜ್ಜೆ.